ಪುದೀನ–ನಿಂಬೆಯ ಪಾನಕ

ಬೇಸಿಗೆಯ ಮಧ್ಯಾಹ್ನ ಶಾಲೆ ಬಿಟ್ಟು ಬರುವ ಸಲಗರ ಬುದ್ರುಕದ ಮಕ್ಕಳು ಮೊದಲು ಕೇಳುವುದು ತಂಪು ಪಾನೀಯವನ್ನೇ. ಕ್ಯೂಬಾದ ‘ಮೊಹಿತೊ’ದಿಂದ ಮದ್ಯವನ್ನು ಕೈಬಿಟ್ಟರೆ ಉಳಿಯುವ ಪುದೀನ, ನಿಂಬೆ, ಸಕ್ಕರೆಗಳು ನಮ್ಮ ಅಡುಗೆಮನೆಯವೇ. ನೆರೆಯ ಇಂಡಿಯ ನಿಂಬೆಗಂತೂ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಒಂದು ಲೋಟಕ್ಕೆ 8–10 ಪುದೀನ ಎಲೆ, 2 ಚಮಚ ಸಕ್ಕರೆ ಸಾಕು. ಎಲೆಗಳನ್ನು ಸಕ್ಕರೆಯೊಡನೆ ಮೆಲ್ಲನೆ ಒತ್ತಬೇಕು. ನುಣ್ಣಗೆ ಅರೆದರೆ ಕಹಿಯಾದೀತು. ಅರ್ಧ ನಿಂಬೆಯ ರಸ, ಚಿಟಿಕೆ ಉಪ್ಪು, ಕಾಯಿಸಿ ಆರಿಸಿ ಮಣ್ಣಿನ ಗಡಿಗೆಯಲ್ಲಿ ತಣಿಸಿದ ನೀರು ಬೆರೆಸಬೇಕು.

ಎಚ್ಚರ ಬೇಕಾದುದು ಪೇಟೆಯ ಮಂಜುಗಡ್ಡೆಯ ವಿಷಯದಲ್ಲಿ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಮಹಾರಾಷ್ಟ್ರದಲ್ಲಿ 2018ರಲ್ಲೇ ಆದೇಶವಾಗಿದೆ. ನೀಲಿಯದನ್ನು ಲೋಟಕ್ಕೆ ಹಾಕಲೇಬಾರದು. ಬಿಳಿಯದಾದರೂ ಯಾವ ನೀರಿನದೆಂದು ಮಾರುವವರನ್ನು ಕೇಳಬೇಕು.