ಜಿನ್ನಿನ ಬಟ್ಟಲಲ್ಲಿ ಕ್ವಿನೈನ್

ಕೊಪ್ಪಳದಿಂದ ಮುಂಡರಗಿಗೆ ಹೋಗುವ ಹಾದಿಯಲ್ಲಿ ಅಳವಂಡಿ ಎಂಬ ಊರಿದೆ. ಸುತ್ತಲೂ ಎರೆಯ ನೆಲ. ಹಿಂಗಾರಿನಲ್ಲಿ ಬಿಳಿಜೋಳ ಕಡಲೆಗಳೊಡನೆ ಕೊತ್ತಂಬರಿಯನ್ನು ಬೆಳೆಯುವುದೂ ಇಂಥ ನೆಲದಲ್ಲಿ ಉಂಟು. ಒಣಗಿದ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಹೊಸಕಿ ಮೂಸಿ ನೋಡಿದರೆ ಹಿತವಾದ ಕಂಪೊಂದು ಬರುತ್ತದೆ. ಅದು ಬಹುಮಟ್ಟಿಗೆ ಲಿನಲೂಲ್ ಎಂಬ ವಸ್ತುವಿನದು. ನಮ್ಮ ಸಾರಿನ ಪುಡಿಗೆ ಮೀಸಲೆಂದು ನಾವು ಭಾವಿಸಿರುವ ಈ ಕಂಪೇ ಪಾಶ್ಚಾತ್ಯರ ಜಿನ್ ಎಂಬ ಮದ್ಯದಲ್ಲಿಯೂ ಇದೆಯೆಂದರೆ ವಾಚಕರಿಗೆ ಸೋಜಿಗವಾದೀತು.

ಜಿನ್ ತಯಾರಿಕೆ ಹೀಗೆ: ಧಾನ್ಯವನ್ನಾಗಲಿ ಕಬ್ಬಿನ ಕಾಕಂಬಿಯನ್ನಾಗಲಿ ಹುಳಿಯಿಸಿ, ಬಟ್ಟಿ ಇಳಿಸಿ, ರುಚಿಯೂ ಬಣ್ಣವೂ ಇಲ್ಲದ ಮದ್ಯಸಾರವನ್ನು ಪಡೆಯುತ್ತಾರೆ. ಅದಕ್ಕೆ ನೀರು ಬೆರೆಸಿ, ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ನಿಂಬೆಯ ಸಿಪ್ಪೆ ಮೊದಲಾದವನ್ನು ಹಾಕಿ ಮತ್ತೊಮ್ಮೆ ಬಟ್ಟಿ ಇಳಿಸುತ್ತಾರೆ. ಮದ್ಯಸಾರ ಕುದಿಯುವುದು 78 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ. ಆವಿ ಏಳುವಾಗ ಗಿಡಮೂಲಿಕೆಗಳ ಸುಗಂಧತೈಲವನ್ನೂ ಹೊತ್ತುಕೊಂಡು ಹೋಗುತ್ತದೆ. ಬಣ್ಣವೂ ಸಕ್ಕರೆಯೂ ಹಂಡೆಯಲ್ಲಿಯೇ ಉಳಿಯುತ್ತವೆ. ಜಿನ್ ನೀರಿನಂತೆ ತಿಳಿಯಾಗಿರುವುದು ಇದರಿಂದಲೇ. ಜೂನಿಪರ್ ಗಿಡ ನಮ್ಮ ಸೀಮೆಯಲ್ಲಿ ಬೆಳೆಯದು. ಆದರೆ ಹಿಮಾಲಯದಲ್ಲಿ ಅದುಂಟು. ಆಯುರ್ವೇದದವರು ಅದನ್ನು ಹಪುಷಾ ಎಂಬ ಹೆಸರಿನಿಂದ ಬಲ್ಲರು. ಅದರ ಪೈನಿನ್ ಎಂಬ ತೈಲಾಂಶವೇ ಟರ್ಪೆಂಟೈನಿನಲ್ಲಿಯೂ ಇರುವುದರಿಂದ, ಮೊದಲ ಬಾರಿಗೆ ಜಿನ್ನನ್ನು ಮೂಸಿದವನಿಗೆ ಬಣ್ಣದಂಗಡಿಯ ನೆನಪಾದರೆ ತಪ್ಪೇನೂ ಇಲ್ಲ.

ಜಿನ್ನನ್ನು ಬರಿದಾಗಿ ಕುಡಿಯುವುದಕ್ಕಿಂತ ಬೇರೆ ಪಾನೀಯಗಳೊಡನೆ ಬೆರೆಸಿ ಕಾಕ್‌ಟೇಲ್ ಮಾಡುವುದೇ ರೂಢಿ. ಈ ಮಿಶ್ರಣಗಳಲ್ಲಿ ಕೆಲವು ಔಷಧದ ಶೀಸೆಯಿಂದ ಹೊರಟವು. ನಿಂಬೆಯ ಪಾನಕ ಸೇರಿದ ಗಿಮ್ಲೆಟ್ಟಿನ ಹಿಂದೆ ನಾವಿಕರ ಸ್ಕರ್ವಿ ರೋಗದ ನೆನಪಿದೆ. ‘ಪಿಂಕ್ ಜಿನ್’ ಎಂಬುದರಲ್ಲಿ ಬೀಳುವ ಕಹಿದ್ರಾವಣವನ್ನು ಡಾಕ್ಟರ್ ಸೀಗರ್ಟ್ ಎಂಬಾತ 1824ರಲ್ಲಿ ದಕ್ಷಿಣ ಅಮೆರಿಕದ ಸೈನಿಕರ ಹೊಟ್ಟೆಯ ಬಾಧೆಗೆಂದು ಸಿದ್ಧಪಡಿಸಿದ್ದನು. ಆದರೆ ಇವೆಲ್ಲಕ್ಕಿಂತ ಹೆಸರುವಾಸಿಯಾದುದು ಜಿನ್ ಮತ್ತು ಟಾನಿಕ್. ಅದರ ಕಥೆ ನಮ್ಮ ನಾಡಿಗೆ ಸಂಬಂಧಿಸಿದ್ದು.

ಕಥೆ ಎಲ್ಲರೂ ಕೇಳಿರುವಂಥದೇ. ಭಾರತಕ್ಕೆ ಬಂದ ಆಂಗ್ಲ ಸೈನಿಕರು ಮಲೇರಿಯಾ ಜ್ವರಕ್ಕೆ ಹೆದರಿ ಕ್ವಿನೈನ್ ಬೆರೆತ ಟಾನಿಕ್ ನೀರನ್ನು ಕುಡಿಯುತ್ತಿದ್ದರಂತೆ. ಕಹಿ ತಾಳಲಾರದೆ ಜಿನ್ ಸೇರಿಸಿದರಂತೆ. ಹೀಗೆ ಒಂದು ಬಟ್ಟಲು ಸಾಮ್ರಾಜ್ಯವನ್ನೇ ಕಾಪಾಡಿತಂತೆ! ಕಥೆ ಸೊಗಸಾಗಿದೆ. ನಿಜವೇ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಜ್ವರಕ್ಕೆ ಕಹಿಯೇ ಮದ್ದೆಂಬುದು ನಮ್ಮವರಿಗೆ ಹೊಸದಲ್ಲ. ನೆಲಬೇವಿನ ಕಷಾಯವನ್ನು ಬೆಲ್ಲದ ಆಸೆ ತೋರಿಸಿ ಕುಡಿಸಿದ ಅಜ್ಜಿಯರು ಯಾರ ಮನೆಯಲ್ಲಿ ಇರಲಿಲ್ಲ? ಆದರೆ ಮಲೇರಿಯಾದ ರೋಗಾಣುವಿಗೆ ನಿಶ್ಚಿತವಾಗಿ ತಾಗುವ ಕಹಿ ದೊರೆತದ್ದು ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಲ್ಲಿ. 1820ರಲ್ಲಿ ಪೆಲ್ಟಿಯೆ ಮತ್ತು ಕಾವಾಂತೂ ಎಂಬ ಇಬ್ಬರು ಫ್ರೆಂಚರು ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1860ರ ಹೊತ್ತಿಗೆ ಸಿಂಕೋನಾ ನಮ್ಮ ಪಕ್ಕದ ನೀಲಗಿರಿಗೆ ಬಂದು ಬೇರೂರಿತು. ಮುಂದೆ, 1892ರಿಂದ, ಬಂಗಾಳದ ಅಂಚೆಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣಗಳನ್ನು ಕಾಸಿಗೊಂದರಂತೆ ಮಾರತೊಡಗಿದರು. ಜ್ವರದಿಂದ ಸಾಯುತ್ತಿದ್ದ ಬಡವನಿಗೆ ಬೇಕಾಗಿದ್ದುದು ಬಟ್ಟಲಲ್ಲ, ಈ ಪೊಟ್ಟಣ.

ಜ್ವರ ಹೇಗೆ ಹರಡುತ್ತದೆಂಬುದಂತೂ ಆಗ ತಿಳಿದಿರಲಿಲ್ಲ. ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದವರು ಬಹಳ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡುದು ಸಿಕಂದರಾಬಾದಿನಲ್ಲಿ. ಅಳವಂಡಿಯೂ ಆಗ ಅದೇ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ಕ್ವಿನೈನ್ ಮಾಡುವ ಕೆಲಸವೇನು? ರೋಗಾಣು ಕೆಂಪು ರಕ್ತಕಣದೊಳಗೆ ಹೊಕ್ಕು ಅಲ್ಲಿಯ ಹಿಮೋಗ್ಲೋಬಿನ್ನನ್ನು ತಿನ್ನುತ್ತದೆ. ತಿಂದಾಗ ಉಳಿಯುವ ಹೀಮ್ ಎಂಬ ಅಂಶ ಅದಕ್ಕೇ ವಿಷ. ಆದಕಾರಣ ರೋಗಾಣು ಅದನ್ನು ನಿರಪಾಯವಾದ ಹರಳಾಗಿ ಮಾರ್ಪಡಿಸಿಕೊಳ್ಳುತ್ತದೆ. ಈ ಹರಳುಗಟ್ಟುವಿಕೆಗೆ ಕ್ವಿನೈನ್ ಅಡ್ಡಬರುತ್ತದೆಂದೂ, ತನ್ನ ಎಂಜಲಿನ ವಿಷದಿಂದಲೇ ರೋಗಾಣು ಸಾಯುತ್ತದೆಂದೂ ತಜ್ಞರ ಅಭಿಪ್ರಾಯ. ಆದರೆ ಇದಕ್ಕೆ ರಕ್ತದಲ್ಲಿ ಸಾಕಷ್ಟು ಕ್ವಿನೈನ್ ದಿನಗಟ್ಟಲೆ ನಿಂತಿರಬೇಕು. ದೇಹವಾದರೋ ಸುಮಾರು ಅರ್ಧ ದಿನದಲ್ಲಿ ಅರ್ಧದಷ್ಟನ್ನು ಕಳೆದುಬಿಡುತ್ತದೆ.

ಇನ್ನು ಲೆಕ್ಕ. ಜ್ವರ ಬಂದ ವಯಸ್ಕನಿಗೆ ವೈದ್ಯರು ಕೊಡುತ್ತಿದ್ದ ಕ್ವಿನೈನ್ ಲವಣ ಎಂಟು ಗಂಟೆಗೊಮ್ಮೆ 600 ಮಿಲಿಗ್ರಾಂ, ಅಂದರೆ ದಿನಕ್ಕೆ 1,800 ಮಿಲಿಗ್ರಾಂ; ಹೀಗೆ ಏಳು ದಿನ. ಟಾನಿಕ್ ನೀರಿನಲ್ಲಿ ಲೀಟರಿಗೆ 83 ಮಿಲಿಗ್ರಾಂ ಮೀರಬಾರದೆಂಬುದು ಅಮೆರಿಕದ ಕಟ್ಟಳೆ. ಭಾಗಿಸಿದರೆ ದಿನಕ್ಕೆ 21 ಲೀಟರಿಗೂ ಮಿಕ್ಕ ಟಾನಿಕ್! ಬಟ್ಟಲೊಂದಕ್ಕೆ 150 ಮಿಲಿಲೀಟರ್ ಟಾನಿಕ್, 50 ಮಿಲಿಲೀಟರ್ ಜಿನ್ ಎಂದಿಟ್ಟುಕೊಂಡರೆ ಸುಮಾರು 145 ಬಟ್ಟಲು. ಅದರೊಡನೆ ಏಳು ಲೀಟರ್ ಜಿನ್. ಮಲೇರಿಯಾ ಬಿಟ್ಟರೂ ಮದ್ಯಸಾರ ಬಿಡದು.

ಜಿನ್ ಮತ್ತು ಟಾನಿಕ್ ಚಿಕಿತ್ಸೆಗಲ್ಲ, ಮುನ್ನೆಚ್ಚರಿಕೆಗೆ ಎಂದು ಯಾರಾದರೂ ವಾದಿಸಬಹುದು. ವಾದ ನ್ಯಾಯವಾದದ್ದೇ. ಮುನ್ನೆಚ್ಚರಿಕೆಗೆ ದಿನಕ್ಕೆ ಐದು ಗ್ರೇನ್, ಅಂದರೆ ಸುಮಾರು 325 ಮಿಲಿಗ್ರಾಂ ಕೊಡುವ ವಾಡಿಕೆಯಿತ್ತು. ಅದಕ್ಕೂ ಈಗಿನ ಟಾನಿಕ್ ನಾಲ್ಕು ಲೀಟರಿನಷ್ಟು ಬೇಕು. ಹಳೆಯ ಟಾನಿಕ್ ನಾಲ್ಕು ಮಡಿ ಕಹಿಯಾಗಿತ್ತೆಂದು ಉದಾರವಾಗಿ ಒಪ್ಪಿದರೂ ದಿನವೊಂದಕ್ಕೆ ಆರೇಳು ಬಟ್ಟಲು, ಒಂದು ದಿನವೂ ತಪ್ಪದಂತೆ. ಕಾಲಗಣನೆಯೂ ಕಥೆಗೆ ಒದಗುವುದಿಲ್ಲ. ಟಾನಿಕ್ ನೀರಿಗೆ ಲಂಡನ್ನಿನ ಎರಾಸ್ಮಸ್ ಬಾಂಡ್ ಎಂಬಾತ ಹಕ್ಕುಪತ್ರ ಪಡೆದದ್ದು 1858ರಲ್ಲಿ. ಜಿನ್ ಮತ್ತು ಟಾನಿಕ್ ಎಂಬ ಜೋಡಿಹೆಸರು ಭಾರತದ ಒಂದು ಕ್ರೀಡಾಪತ್ರಿಕೆಯಲ್ಲಿ 1868ರಲ್ಲಿ ಕಾಣಿಸುತ್ತದೆ. ಅದು ಆಸ್ಪತ್ರೆಯ ಸಂದರ್ಭವಲ್ಲ, ಕುದುರೆ ಪಂದ್ಯ ಮುಗಿದ ಹೊತ್ತಿನ ಗದ್ದಲ. ಸೈನಿಕರಿಗೆ ಔಷಧವಾಗಿ ಕ್ವಿನೈನ್ ಬೇರೆಯಾಗಿಯೇ ಸಿಗುತ್ತಿತ್ತು. ಬಟ್ಟಲು ಬಾಯಾರಿಕೆಗೆ.

ಕುಡಿದವರನ್ನು ಸೊಳ್ಳೆ ಮುಟ್ಟದೆಂಬ ಹರಟೆಯನ್ನೂ ಕೇಳಿದ್ದೇವೆ. 2010ರಲ್ಲಿ ಪ್ರಕಟವಾದ, ಆಫ್ರಿಕದ ಬುರ್ಕಿನಾ ಫಾಸೊದಲ್ಲಿ ನಡೆದ ಪ್ರಯೋಗವೊಂದರಲ್ಲಿ ಬಿಯರ್ ಕುಡಿದವರ ವಾಸನೆಯೇ ಅನಾಫಿಲೀಸ್ ಸೊಳ್ಳೆಗಳನ್ನು ಹೆಚ್ಚಾಗಿ ಸೆಳೆಯಿತು.

ಟಾನಿಕ್ ನೀರಿನಲ್ಲಿ ಕ್ವಿನೈನ್ ಇದೆಯೆಂಬುದನ್ನು ಮಾತ್ರ ಜಿನ್ನಿನ ಹಂಗಿಲ್ಲದೆ ಕಣ್ಣಾರೆ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಟಾನಿಕ್ ನೀರನ್ನು ತುಂಬಿ, ಕತ್ತಲೆಯ ಕೋಣೆಯಲ್ಲಿಟ್ಟು, ನೋಟುಗಳನ್ನು ಪರೀಕ್ಷಿಸಲು ಬಳಸುವ ನೇರಳಾತೀತ ದೀಪವನ್ನು ಅದರ ಮೇಲೆ ಹಿಡಿಯಿರಿ. ದೀಪವನ್ನು ನೇರವಾಗಿ ನೋಡಬಾರದು. ತಿಳಿನೀರು ತಿಳಿನೀಲಿಯಾಗಿ ಬೆಳಗುತ್ತದೆ. ಕಣ್ಣಿಗೆ ಕಾಣದ ಕಿರಣವನ್ನು ಕ್ವಿನೈನ್ ಅಣು ಹೀರಿಕೊಂಡು, ಸ್ವಲ್ಪ ಶಕ್ತಿಯನ್ನು ಶಾಖವಾಗಿ ಕಳೆದು, ಉಳಿದುದನ್ನು ಕಾಣುವ ಬೆಳಕಾಗಿ ಹೊರಸೂಸುತ್ತದೆ. 1845ರಲ್ಲಿ ಜಾನ್ ಹರ್ಷೆಲ್ ಕ್ವಿನೈನ್ ದ್ರಾವಣದಲ್ಲಿ ಕಂಡು ಬೆರಗಾದುದು ಇದೇ ನೀಲಿ. ಇದನ್ನು ವಿವರಿಸಿ ಫ್ಲೋರೆಸೆನ್ಸ್ ಎಂದು ಹೆಸರಿಟ್ಟವನು 1852ರಲ್ಲಿ ಸ್ಟೋಕ್ಸ್.

ಆ ಲೋಟಕ್ಕೆ ಎರಡು ಚಮಚ ಅಡಿಗೆಯ ಉಪ್ಪನ್ನು ಕದಡಿ ನೋಡಿ. ಉಪ್ಪಿನ ಕ್ಲೋರೈಡ್ ಅಯಾನುಗಳು ಅಣುವಿನ ಶಕ್ತಿಯನ್ನು ಬೆಳಕಾಗುವ ಮೊದಲೇ ಕಸಿದುಕೊಳ್ಳುವುದರಿಂದ ನೀಲಿ ಮಂಕಾಗುತ್ತದೆ. ಕ್ವಿನೈನ್ ಆಗಲೂ ಅಲ್ಲಿಯೇ ಇರುತ್ತದೆ.