ಬಾಡಿಗೆ ಮನೆಗೆ ಏ.ಸಿ.: ಅಂಗಡಿಗೆ ಹೋಗುವ ಮುನ್ನ

‘ಯಾವ ಕಂಪನೀದು ಚಲೋ ಅದ ಸರ್?’

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ವಿಜ್ಞಾನದ ಮಾಸ್ತರರಿಗೆ ಪೋಷಕರು ಕೇಳುವ ಪ್ರಶ್ನೆ ಇದು. ಮಗನಿಗೆ ಸಿಇಟಿ, ಮಗಳಿಗೆ ನೀಟ್. ಮನೆ ಬಾಡಿಗೆಯದು, ಅದೂ ತಾರಸಿಯ ಕೆಳಗಿನದು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಪರೀಕ್ಷೆ ಮುಗಿಯುವವರೆಗಾದರೂ ಒಂದು ಏ.ಸಿ. ಹಾಕಿಸಿಬಿಡೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿರುತ್ತಾರೆ. ಒಂದು ಕಂಪನಿಯ ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ. ಆದರೆ ಬಾಡಿಗೆ ಮನೆಯವರಿಗೆ ಕಂಪನಿ ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಊರಿನ ಹವೆ, ಮನೆಯ ಕಿಟಕಿ, ಗೋಡೆಯೊಳಗಿನ ವೈರು ಮತ್ತು ಮಾಲೀಕರ ಮನಸ್ಸು ಹೇಗಿವೆ ಎಂಬುದನ್ನು.

ಏ.ಸಿ. ಏನು ಮಾಡುತ್ತದೆ ಎಂಬುದು ಮೊದಲು ತಿಳಿದಿರಲಿ. ಅದು ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಹಮಾಲ. ಕೊಳವೆಯೊಳಗಿನ ಶೈತ್ಯದ್ರವ ಕೋಣೆಯ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಸುರುಳಿಯಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಅಡುಗೆಮನೆ ತಂಪಾಗಲೆಂದು ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಅರ್ಧ ಮಕ್ಕಳು ‘ತಂಪಾಗುತ್ತದೆ’ ಎನ್ನುತ್ತಾರೆ. ಆಗುವುದು ಬಿಸಿ. ಮುಂದೆ ಹೀರಿದ ಶಾಖವೂ ಖರ್ಚಾದ ವಿದ್ಯುತ್ತೂ ಹಿಂಬದಿಯಿಂದ ಅದೇ ಕೋಣೆಗೆ ಬರುತ್ತವೆ. ಏ.ಸಿ.ಗೆ ‘ಹೊರಗೆ’ ಎಂಬುದೊಂದು ಬೇಕೇ ಬೇಕು. ಬಾಡಿಗೆದಾರನ ತೊಂದರೆ ಶುರುವಾಗುವುದೂ ಅಲ್ಲಿಯೇ, ಏಕೆಂದರೆ ಒಳಗಿನಿಂದ ಹೊರಗೆ ಹೋಗುವ ದಾರಿ ಮಾಲೀಕರ ಗೋಡೆಯ ಮೂಲಕವೇ ಹೋಗಬೇಕು.

ಏ.ಸಿ.ಯೇ ಬೇಕೆ?

ಇದನ್ನು ತಿಳಿಯಲು ಹತ್ತು ನಿಮಿಷದ ಒಂದು ಪ್ರಯೋಗ ಸಾಕು. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸಾದಾ ಉಷ್ಣತಾಮಾಪಕ ತನ್ನಿ (ಜ್ವರ ನೋಡುವುದು ಬೇಡ). ಕೋಣೆಯ ಉಷ್ಣತೆ ಬರೆದುಕೊಳ್ಳಿ. ಅದರ ಬುಡ್ಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಎದುರು ಹಿಡಿಯಿರಿ. ಇಳಿಯುವುದು ನಿಂತಾಗ ಮತ್ತೆ ಬರೆದುಕೊಳ್ಳಿ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗಿ ಉಷ್ಣತೆ ಹೆಚ್ಚು ಇಳಿಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ, ಆರ್ದ್ರತೆ ಶೇ. 20 ಇದ್ದರೆ ಒದ್ದೆ ಮಾಪಕ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ, ಶೇ. 70 ಇದ್ದರೆ ಇಳಿಯುವುದು 28ರವರೆಗೆ ಮಾತ್ರ.

ಒಣ ಊರಿನವರು ಏ.ಸಿ. ಅಂಗಡಿಗೆ ಹೋಗುವ ಮುನ್ನ ಏರ್ ಕೂಲರ್ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಒಳ್ಳೆಯ ಹುಲ್ಲು ಅಥವಾ ಜೇನುಗೂಡಿನಂಥ ಪ್ಯಾಡ್ ಇರುವ ಕೂಲರ್ ಈ ಎರಡು ಉಷ್ಣತೆಗಳ ಅಂತರದ ಮುಕ್ಕಾಲು ಭಾಗವನ್ನಾದರೂ ಇಳಿಸುತ್ತದೆ. 40 ಡಿಗ್ರಿಯ ಗಾಳಿ 26-27 ಡಿಗ್ರಿಯಾಗಿ ಬರುತ್ತದೆ. ಖರ್ಚಾಗುವ ವಿದ್ಯುತ್ ಇನ್ನೂರು ವಾಟ್‌ನ ಆಸುಪಾಸು. ಗೋಡೆ ಕೊರೆಯುವುದಿಲ್ಲ, ಮಾಲೀಕರನ್ನು ಕೇಳುವುದಿಲ್ಲ, ಮನೆ ಬದಲಿಸಿದರೆ ಆಟೋದಲ್ಲಿ ಹೋಗುತ್ತದೆ. ಕೂಲರ್‌ಗೆ ಕಿಟಕಿ ಬಾಗಿಲು ತೆರೆದಿರಬೇಕು. ಅದನ್ನು ಕಿಟಕಿಯ ಬಳಿ ಇಟ್ಟು ಹೊರಗಿನ ಒಣಗಾಳಿ ಕೊಡಬೇಕು. ಕೋಣೆ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಒಳಗೆ ಮಂಗಳೂರಿನ ಸೆಕೆ.

ಅದಕ್ಕೆ ನೀರು ಬೇಕು ಎಂಬುದನ್ನು ಮರೆಯುವಂತಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಹೀರುತ್ತದೆ. ಒಂದು ಟನ್ ಏ.ಸಿ.ಗೆ ಸಮೀಪದ ತಂಪು ಬೇಕಾದರೆ ಗಂಟೆಗೆ ನಾಲ್ಕೈದು ಲೀಟರ್, ಎಂಟು ಗಂಟೆಗೆ ಎರಡು ಕೊಡಕ್ಕೂ ಮಿಕ್ಕಿ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಗಡಸು ನೀರಾದರೆ ಪ್ಯಾಡಿನ ಮೇಲೆ ಸುಣ್ಣ ಕಟ್ಟುತ್ತದೆ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ. ಇಷ್ಟಕ್ಕೆ ಸಿದ್ಧರಿದ್ದರೆ ಉತ್ತರ ಕರ್ನಾಟಕದ ಅನೇಕ ಬಾಡಿಗೆ ಮನೆಗಳಿಗೆ ಇಲ್ಲಿಗೇ ಲೇಖನ ಮುಗಿಯಿತು. ಕರಾವಳಿಯವರಿಗೆ ಕೂಲರ್ ಕೊಂಡರೆ ಹಣ ನೀರಿಗೆ ಹಾಕಿದ ಹಾಗೆ. ಅವರಿಗೆ, ಮತ್ತು ನೀರಿಲ್ಲದ ಮನೆಯವರಿಗೆ, ಏ.ಸಿ.ಯೇ ಗತಿ.

ಟನ್ ಎಂದರೆ ತೂಕವಲ್ಲ

‘ಒಂದೂವರೆ ಟನ್ ಹಾಕಿಸಿ, ಸೇಫ್’ ಎನ್ನುವುದು ಅಂಗಡಿಯವರ ಮಂತ್ರ. ಹಿಂದೆ ಅಮೆರಿಕದಲ್ಲಿ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದಿಂದ ಬಂದ ಅಳತೆ ಇದು. ಅಲ್ಲಿನ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ತೆಗೆಯುವ ಯಂತ್ರ ಒಂದು ಟನ್ನಿನದು. ಮಂಜುಗಡ್ಡೆಯ ಗುಪ್ತೋಷ್ಣ ಗ್ರಾಮಿಗೆ 334 ಜೂಲ್. ಹತ್ತನೆಯ ತರಗತಿಯ ಮಕ್ಕಳೇ ಗುಣಿಸಿ, 86,400 ಸೆಕೆಂಡಿನಿಂದ ಭಾಗಿಸಿ ನೋಡಲಿ. ಸುಮಾರು 3.5 ಕಿಲೋವಾಟ್ ಬರುತ್ತದೆ.

ಇನ್ನು ಕೋಣೆಗೆ ಬರುವ ಶಾಖದ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯ 100 ವಾಟ್ ಶಾಖ ಬಿಡುತ್ತಾನೆ. ಇಬ್ಬರಿಗೆ 200. ಕಂಪ್ಯೂಟರು, ಫ್ಯಾನು ಸೇರಿ ಇನ್ನೊಂದು 150. ಪಶ್ಚಿಮದ ಕಿಟಕಿಯ ಮೇಲೆ ಸಂಜೆ ಬಿಸಿಲು ನೇರ ಬಿದ್ದರೆ ಚದರ ಮೀಟರಿಗೆ ಐದಾರು ನೂರು ವಾಟ್. ಒಂದೂವರೆ ಚದರ ಮೀಟರ್ ಕಿಟಕಿಯೊಂದೇ ಏಳೆಂಟು ಜನ ಕುಳಿತ ಹಾಗೆ! 10 ಅಡಿಗೆ 12 ಅಡಿಯ ಕೋಣೆಯ ತಾರಸಿ ಬಿಸಿಲಿಗೆ ಕಾದರೆ ಅದರಿಂದ ಇನ್ನೊಂದು ಕಿಲೋವಾಟ್ ಹತ್ತಿರ. ಕಾಂಕ್ರೀಟು, ಶಹಾಬಾದ್ ಕಲ್ಲಿನ ಚಪ್ಪಡಿ ಎರಡೂ ಮಧ್ಯಾಹ್ನ ಕುಡಿದ ಶಾಖವನ್ನು ರಾತ್ರಿ ಹತ್ತರವರೆಗೂ ಕೆಳಗೆ ಬಿಡುತ್ತಿರುತ್ತವೆ. ಗೋಡೆ, ಬಾಗಿಲ ಸಂದು ಎಲ್ಲ ಸೇರಿಸಿದರೂ ಇಂಥ ಕೋಣೆಗೆ ಒಂದು ಟನ್ ಸಾಕು. ಒಂದು ಎಚ್ಚರಿಕೆ ಮಾತ್ರ: ಏ.ಸಿ.ಯ ಸಾಮರ್ಥ್ಯ ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. 44-45 ಡಿಗ್ರಿಯಲ್ಲಿ ಅದೇ ಯಂತ್ರ ಕಡಿಮೆ ಶಾಖ ಹೊರುತ್ತದೆ.

ಈ ಪಟ್ಟಿಯಲ್ಲಿ ಅತಿ ದೊಡ್ಡ ಎರಡು ಬಾಬುಗಳು ತಾರಸಿ ಮತ್ತು ಪಶ್ಚಿಮದ ಕಿಟಕಿ ಎಂಬುದನ್ನು ಗಮನಿಸಿ. ಕಿಟಕಿಯ ಹೊರಗೆ (ಒಳಗಲ್ಲ) ಬಿದಿರಿನ ಚಿಕ್ಕು ಅಥವಾ ಹಸಿರು ನೆರಳುಬಟ್ಟೆ ಕಟ್ಟಿ. ಒಳಗಿನ ಪರದೆಗೆ ಬಿಸಿಲು ಮುಟ್ಟುವ ಹೊತ್ತಿಗೆ ಶಾಖ ಆಗಲೇ ಮನೆಯೊಳಗೆ ಬಂದಿರುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿಯಲು ಮಾಲೀಕರನ್ನು ಕೇಳಿ, ಖರ್ಚು ನಮ್ಮದೇ ಎಂದರೆ ಬೇಡ ಎನ್ನುವವರು ಕಡಿಮೆ. ಇವೆರಡನ್ನು ಮಾಡಿ ಒಂದು ವಾರ ಕಾದು ನೋಡಿದ ಮೇಲೆ ಟನ್ನಿನ ಮಾತು.

ಕರಾವಳಿಯಲ್ಲಿ ದೊಡ್ಡ ಯಂತ್ರ ಇನ್ನೊಂದು ರೀತಿಯಲ್ಲೂ ತಪ್ಪು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಮೊದಲ ಆಧುನಿಕ ಹವಾನಿಯಂತ್ರಣ ರೂಪಿಸಿದ್ದು ಜನರ ಸುಖಕ್ಕಲ್ಲ, ಕಾಗದ ತೇವ ಹೀರಿ ಉಬ್ಬಿ ಬಣ್ಣದ ಅಚ್ಚು ಸರಿಹೊಂದದೆ ಹೋಗುತ್ತಿತ್ತು ಎಂಬುದಕ್ಕೆ. ತೇವ ತೆಗೆಯುವುದು ಏ.ಸಿ.ಯ ಹುಟ್ಟುಗುಣ. ಕೋಣೆಗೆ ಮೀರಿದ ಸಾದಾ ಯಂತ್ರ ಹಾಕಿದರೆ ಗಾಳಿ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ. ಕೋಣೆ ತಣ್ಣಗೂ ಜಿಗುಟೂ ಆಗುತ್ತದೆ. ಅಲ್ಲಿ ನಿಧಾನವಾಗಿ ಬಹಳ ಹೊತ್ತು ಓಡುವ ಇನ್ವರ್ಟರ್ ಏ.ಸಿ. ಮೇಲು. (ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಮನೆಯ ಬ್ಯಾಟರಿಯಲ್ಲಿ ಓಡುತ್ತದೆ ಎಂದಲ್ಲ. ಕಂಪ್ರೆಸರಿನ ವೇಗ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಗೆ ಆ ಹೆಸರು.) ಉಪ್ಪುಗಾಳಿ ಹೊರಗಿನ ಸುರುಳಿಯನ್ನು ತಿನ್ನುತ್ತದೆ. ತಾಮ್ರದ ಸುರುಳಿ, ಅದಕ್ಕೆ ರಕ್ಷಣಾ ಲೇಪ ಇದೆಯೇ ಎಂದು ಕೇಳಿ.

ಗೋಡೆ ಯಾರದು?

ಸ್ಪ್ಲಿಟ್ ಏ.ಸಿ.ಗೆ ಗೋಡೆಯಲ್ಲಿ ಎರಡೂವರೆ ಮೂರು ಇಂಚಿನ ತೂತು, ಹೊರಗೆ ಬ್ರಾಕೆಟ್, ತಾಮ್ರದ ಕೊಳವೆ ಬೇಕು. ಸದ್ದು ಕಡಿಮೆ, ಓದುವವರಿಗೆ ಹಿತ. ಆದರೆ ಮನೆ ಬದಲಿಸಿದಾಗಲೆಲ್ಲ ಬಿಚ್ಚುವ ಕೂಲಿ, ಕೂಡಿಸುವ ಕೂಲಿ, ಹೊಸ ಕೊಳವೆ, ಕೆಲವೊಮ್ಮೆ ಮತ್ತೆ ಗ್ಯಾಸು. ಪ್ರತಿ 11 ತಿಂಗಳಿಗೆ ಕರಾರು ನವೀಕರಿಸುವ ಕುಟುಂಬ ಇದನ್ನು ಏ.ಸಿ.ಯ ಬೆಲೆಯಲ್ಲೇ ಸೇರಿಸಿ ನೋಡಬೇಕು. ಎರಡು ಮೂರು ವರ್ಷ ಅದೇ ಮನೆ ಎಂಬ ಭರವಸೆ ಇಲ್ಲದಿದ್ದರೆ ನನ್ನ ಮತ ವಿಂಡೋ ಏ.ಸಿ.ಗೆ. ಸದ್ದು ಮಾಡುತ್ತದೆ, ನಿಜ. ಒಂದೇ ಪೆಟ್ಟಿಗೆ, ಗ್ಯಾಸು ಬಿಚ್ಚುವ ಗೊಡವೆ ಇಲ್ಲ. ತೊಡಕೆಂದರೆ ನಮ್ಮ ಮನೆಗಳ ಕಿಟಕಿಗೆ ಕಬ್ಬಿಣದ ಸರಳು. ಅದನ್ನು ಕತ್ತರಿಸಲು ಮಾಲೀಕರ ಒಪ್ಪಿಗೆ ಬೇಕು, ಮನೆ ಬಿಡುವಾಗ ಮತ್ತೆ ಬೆಸುಗೆ ಹಾಕಿಸಬೇಕು.

ಚಕ್ರದ ಮೇಲೆ ಉರುಳುವ ಪೋರ್ಟಬಲ್ ಏ.ಸಿ. ಬಾಡಿಗೆದಾರರಿಗೆಂದೇ ಹುಟ್ಟಿದಂತೆ ಕಾಣುತ್ತದೆ. ಒಂದೇ ಕೊಳವೆಯದಾದರೆ ಅದರಲ್ಲೊಂದು ದೋಷವಿದೆ. ತನ್ನ ಬಿಸಿಯನ್ನು ಹೊರದಬ್ಬಲು ಅದು ಕೋಣೆಯ ತಂಪುಗಾಳಿಯನ್ನೇ ಬಳಸುತ್ತದೆ. ಹೊರಗೆ ಹೋದಷ್ಟು ಗಾಳಿ ಬಾಗಿಲ ಸಂದಿಯಿಂದ ಒಳಗೆ ಬರಲೇಬೇಕು, ಬರುವುದು 42 ಡಿಗ್ರಿಯ ಗಾಳಿ. ಬೇರೆ ದಾರಿಯೇ ಇಲ್ಲದವರಿಗಷ್ಟೇ ಅದು.

ಗೋಡೆಗಿಂತ ಮುಖ್ಯ ಗೋಡೆಯೊಳಗಿನ ವೈರು. ಸಣ್ಣ ಸಾಕೆಟ್ಟು 6 ಆಂಪಿಯರಿನದು. 230ರಿಂದ ಗುಣಿಸಿದರೆ 1380 ವಾಟ್. ಒಂದೂವರೆ ಟನ್ನಿನ ಸಾದಾ ಏ.ಸಿ. ಅದಕ್ಕಿಂತ ಹೆಚ್ಚು ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ ಎಂದು ಒಂಬತ್ತು, ಹತ್ತರಲ್ಲಿ ಓದುತ್ತೇವೆ. ಹಳೆಯ ಮನೆಯಲ್ಲಿ ಅದೇ ಸೂತ್ರ ಬೆಂಕಿಯಾಗಿ ಬರುತ್ತದೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ತಾಮ್ರದ ತಂತಿ (ಒಂದು ಟನ್ನಿಗೆ 2.5, ಒಂದೂವರೆಗೆ 4 ಚದರ ಮಿಲಿಮೀಟರ್), 16 ಆಂಪಿಯರ್ ಸಾಕೆಟ್, ಸ್ವಂತ ಎಂಸಿಬಿ, ಸರಿಯಾದ ಅರ್ಥಿಂಗ್ ಇಲ್ಲದ ಮನೆಗೆ ಏ.ಸಿ. ಬೇಡ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಓಡಿಸುವುದನ್ನಂತೂ ಯೋಚಿಸಲೇಬೇಡಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಸಾಲದಿದ್ದರೆ ಹೆಚ್ಚಿಸಲು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಆ ಮಾಲೀಕರನ್ನೇ ಒಪ್ಪಿಸಬೇಕು.

ಬಿಲ್ಲಿನ ಇನ್ನೊಂದು ಸಾಲನ್ನೂ ಓದಿ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಮನೆಗೆ ನಿಗದಿಯಾದ ಯೂನಿಟ್‌ವರೆಗೆ ಶೂನ್ಯ ಬಿಲ್, ಅದನ್ನು ಮೀರಿ 200ರೊಳಗಿದ್ದರೆ ಮೀರಿದ್ದಕ್ಕೆ ಮಾತ್ರ ಹಣ. ತಿಂಗಳಿಗೆ 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ಬಿರುಬೇಸಿಗೆಯಲ್ಲಿ ಒಂದು ಟನ್ ಏ.ಸಿ. ಗಂಟೆಗೆ ಮುಕ್ಕಾಲು ಯೂನಿಟ್ ಎಂದುಕೊಳ್ಳಿ. ದಿನಕ್ಕೆ ಆರು ಗಂಟೆ ಓಡಿಸಿದರೆ ತಿಂಗಳಿಗೆ 135. ಮೊದಲೇ 90 ಬಳಸುತ್ತಿದ್ದ ಮನೆ 225ಕ್ಕೆ ಏರಿತು. ಅದೇ ಏ.ಸಿ.ಯನ್ನು ನಾಲ್ಕೂವರೆ ಗಂಟೆ ಓಡಿಸಿದರೆ 191ಕ್ಕೆ ನಿಲ್ಲುತ್ತದೆ. ಗಡಿಯಾರ ನೋಡಿ ಓಡಿಸುವುದರ ಬೆಲೆ ಸಾವಿರ ರೂಪಾಯಿಗೂ ಮೇಲೆ.

ನಕ್ಷತ್ರಗಳ ಲೆಕ್ಕವೂ ಗಂಟೆಗಳದ್ದೇ. ಲೇಬಲ್ಲಿನಲ್ಲಿ ಬರೆದ ವಾರ್ಷಿಕ ಯೂನಿಟ್ 1600 ಗಂಟೆಯ ಬಳಕೆಗೆ. ಮೂರು ನಕ್ಷತ್ರದ್ದು 700, ಐದು ನಕ್ಷತ್ರದ್ದು 520 ಎಂದಿಟ್ಟುಕೊಳ್ಳಿ, ಅಂತರ 180. ಪರೀಕ್ಷೆಯ ಮೂರು ತಿಂಗಳಲ್ಲಿ ನೀವು ಓಡಿಸುವುದು 540 ಗಂಟೆ, ಉಳಿತಾಯ 60 ಯೂನಿಟ್. ನಮ್ಮ ಬಿಸಿಲಿಗೆಂದು ಅದನ್ನು ದುಪ್ಪಟ್ಟು ಮಾಡಿದರೂ ವರ್ಷಕ್ಕೆ ಏಳೆಂಟು ನೂರು ರೂಪಾಯಿ. ಎಂಟು ಸಾವಿರ ಹೆಚ್ಚು ಕೊಟ್ಟು ಐದು ನಕ್ಷತ್ರ ತಂದರೆ ಹತ್ತು ವರ್ಷಕ್ಕೆ ಅಸಲು. ವರ್ಷದ ಎಂಟು ತಿಂಗಳು ಓಡಿಸುವ ಮಂಗಳೂರಿನವರಿಗೆ ಐದು ನಕ್ಷತ್ರವೇ ಸರಿ. ನಕ್ಷತ್ರದ ಅಳತೆಗೋಲು ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುವುದರಿಂದ ಲೇಬಲ್ ಯಾವ ಅವಧಿಯದೆಂದು ನೋಡಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ತಪ್ಪದೆ.

ಏ.ಸಿ. ಬಂದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಮಾತು. ಸ್ಪ್ಲಿಟ್ ಏ.ಸಿ. ಹೊರಗಿನ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಮೂವರು ಎರಡು ಗಂಟೆ ಓದಿದರೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ. ‘ತಂಪಿಗೆ ನಿದ್ದೆ ಬಂತು’ ಎಂದು ಅಮ್ಮ ಬೈಯುವುದು ಪೂರ್ತಿ ನ್ಯಾಯವಲ್ಲ. ಗಂಟೆಗೊಮ್ಮೆ ಐದು ನಿಮಿಷ ಬಾಗಿಲು ತೆರೆಯಿರಿ. 18ಕ್ಕೆ ಇಟ್ಟು ರಗ್ಗು ಹೊದೆಯುವ ಬದಲು 26ಕ್ಕೆ ಇಟ್ಟು ಫ್ಯಾನು ಹಾಕಿಕೊಳ್ಳಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂದಾಜು.

ಮಾಲೀಕರೊಡನೆ ಬಾಯಿಮಾತು ಸಾಲದು. ತೂತು ಎಲ್ಲಿ, ವೈರಿನ ಖರ್ಚು ಯಾರದು, ಮನೆ ಬಿಡುವಾಗ ಆ ವೈರು ಯಾರಿಗೆ ಉಳಿಯುತ್ತದೆ, ಗೋಡೆ ಮುಚ್ಚಿ ಬಣ್ಣ ಹಚ್ಚುವುದು ಯಾರು, ಇವನ್ನು ಕರಾರಿನ ಹಾಳೆಯಲ್ಲೇ ಬರೆಸಿ. ಬಿಚ್ಚುವ ದಿನ ಗ್ಯಾಸನ್ನು ಹೊರಗಿನ ಯಂತ್ರಕ್ಕೆ ಎಳೆದು ಮುಚ್ಚಿಕೊಳ್ಳುವುದು ಬಲ್ಲ ಮೆಕ್ಯಾನಿಕ್ಕೇ ಬೇಕು. ಈಗಿನ ಏ.ಸಿ.ಗಳಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲದು, ಆರ್-290 ಎಂಬುದು ಪ್ರೊಪೇನ್, ಅಂದರೆ ಅಡುಗೆ ಗ್ಯಾಸಿನ ಕುಲದ್ದು. ಕೊಳವೆ ಕತ್ತರಿಸಿ ಗಾಳಿಗೆ ಬಿಡುತ್ತೇನೆ ಎನ್ನುವವನನ್ನು ಬಾಗಿಲಿನಿಂದಲೇ ಕಳಿಸಿ.