ಗುಡ್ಡದ ಹಾದಿಯಲ್ಲಿ ಬೈಸಿಕಲ್

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಮಾತ್ರ ಕಳೆದ ವರ್ಷ, ಒಂದು ಭಾನುವಾರ ಬೆಳಿಗ್ಗೆ. ನಮ್ಮೂರ ಪಕ್ಕದಲ್ಲೊಂದು ಕಲ್ಲುಗುಡ್ಡವಿದೆ. ಕುರಿಗಳು ಏರಿ ಇಳಿದು ಮಾಡಿದ ಕಾಲುದಾರಿಯೊಂದು ಅದರ ನೆತ್ತಿಯವರೆಗೆ ಹೋಗುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಬಾಚಿದ ತಲೆಯ ಬೈತಲೆಯಂತೆ ನೇರವಾಗಿ, ನುಣುಪಾಗಿ ಕಾಣುತ್ತದೆ. ನಾನು ಸೈಕಲ್ಲನ್ನು ಮೇಲಕ್ಕೆ ತಳ್ಳಿಕೊಂಡು ಹೋಗಿ, ಸವಾರಿ ಮಾಡುತ್ತ ಇಳಿಯಬೇಕೆಂದು ಹೊರಟೆ. ಇಪ್ಪತ್ತು ಮಾರು ದಾಟುವಷ್ಟರಲ್ಲಿ ಸೈಕಲ್ಲು ಒಂದು ಕಡೆ, ನಾನು ಒಂದು ಕಡೆ. ಎರಡು ವಾರ ಬಲಗೈಯಲ್ಲಿ ಲೇಖನಿ ಹಿಡಿಯಲಾಗಲಿಲ್ಲ. ಪರೀಕ್ಷೆಯೋ ಮುಂದೆಯೇ ನಿಂತಿತ್ತು. "ಇನ್ನೊಮ್ಮೆ ಆ ಗುಡ್ಡದ ಕಡೆ ಸೈಕಲ್ ತಿರುಗಿಸಿದರೆ ನೋಡು" ಎಂದು ಅವ್ವ ಕಟ್ಟುನಿಟ್ಟಾಗಿ ಹೇಳಿಬಿಟ್ಟಳು.

ಹಾಸಿಗೆಯಲ್ಲಿ ಕುಳಿತು ಯೋಚಿಸಿದಾಗ ತಪ್ಪು ಸೈಕಲ್ಲಿನದೂ ಅಲ್ಲ, ಗುಡ್ಡದ್ದೂ ಅಲ್ಲ ಎಂಬುದು ಹೊಳೆಯಿತು. ಟಯರಿಗೆ ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಿಸಿದ್ದೆ. ಎತ್ತರದ ಸೀಟಿನ ಮೇಲೆ ಮರದ ಬೊಂಬೆಯಂತೆ ಕುಳಿತಿದ್ದೆ. ದಾರಿಯನ್ನು ನೋಡದೆ ಎದುರಿನ ಕಲ್ಲನ್ನೇ ನೋಡಿದೆ. ಹೆದರಿ ಮುಂದಿನ ಬ್ರೇಕನ್ನು ಪೂರ್ತಿ ಹಿಚುಕಿದೆ. ತಲೆಯಂತೂ ಬರಿದಾಗಿತ್ತು, ಕಲ್ಲಿಗೆ ಬಡಿದದ್ದು ಕೈ ಮಾತ್ರ ಎಂಬುದು ನನ್ನ ಪುಣ್ಯ. ಮುಂದೆ ಓದಿ, ಕೇಳಿ, ಬಲ್ಲವರ ಜೊತೆ ಸವಾರಿ ಮಾಡಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ನಮ್ಮ ಕಾಲೇಜಿನ ಮಿತ್ರರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಗುಡ್ಡದ ಸೈಕಲ್ ಸವಾರಿ ಹಳೆಯ ವಿದ್ಯೆಯೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಜಿಲ್ಲೆಯಲ್ಲಿ ಕೆಲವು ತರುಣರು ಹಳೆಯ ಕಾಲದ ದಪ್ಪ ಟಯರಿನ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರು ಒಂದು ಪಂದ್ಯವನ್ನೇ ಏರ್ಪಡಿಸಿದರು. ಸುಮಾರು ಎರಡು ಮೈಲಿಯ ಆ ದಾರಿ 1,300 ಅಡಿಗಳಷ್ಟು ಇಳಿಯುತ್ತಿತ್ತು. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇರುತ್ತಿತ್ತು. ಕೆಳಗೆ ತಲುಪುವಷ್ಟರಲ್ಲಿ ಚಕ್ರದ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿದ್ದುದರಿಂದ ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಹಾಗೆ ಮರಳಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುವುದರಿಂದ ಆ ಇಳಿಜಾರಿಗೂ ರೀಪ್ಯಾಕ್ ಎಂದೇ ಹೆಸರು ಬಿತ್ತು. 1977ರಲ್ಲಿ ಜೋ ಬ್ರೀಜ್ ಎಂಬವರು ಇಂಥ ಸವಾರಿಗೆಂದೇ ಫ್ರೇಮು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಎಂಬಿಬ್ಬರು, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಮೌಂಟನ್ ಬೈಕ್ ಎಂಬ ಹೆಸರಿನಲ್ಲಿ ಮಾರಲು ತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಗುಜರಿ ಸೈಕಲ್ಲಿನಿಂದ ಒಲಿಂಪಿಕ್ಸಿಗೆ ಇಪ್ಪತ್ತೇ ವರ್ಷಗಳ ಹಾದಿ!

ಇನ್ನು ಸೈಕಲ್ಲಿನ ವಿಚಾರ. ಅಂಗಡಿಗೆ ಹೋದರೆ ಮುಂದೆ ಒಂದು ಸ್ಪ್ರಿಂಗು, ಹಿಂದೆ ಒಂದು ಸ್ಪ್ರಿಂಗು, ಮೈತುಂಬ ಬಣ್ಣ ಇರುವ ಅಗ್ಗದ ಸೈಕಲ್ಲು ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮರುಳಾಗಬಾರದು. ಅಗ್ಗದ ಸ್ಪ್ರಿಂಗು ಭಾರವನ್ನು ಹೆಚ್ಚಿಸುತ್ತದೆಯೇ ಹೊರತು ಕುಲುಕಾಟವನ್ನು ಹೆಚ್ಚಾಗಿ ತಡೆಯುವುದಿಲ್ಲ. ಹೊಸಬರಿಗೆ ಮುಂದಿನ ಫೋರ್ಕಿನಲ್ಲಿ ಮಾತ್ರ ಸ್ಪ್ರಿಂಗಿರುವ, ಒಳ್ಳೆಯ ಬ್ರೇಕಿರುವ ಸರಳವಾದ ಸೈಕಲ್ಲೇ ಮೇಲು. ಹಣವನ್ನು ಮೊದಲು ಬ್ರೇಕಿಗೆ, ಆಮೇಲೆ ಗೇರಿಗೆ, ಕೊನೆಗೆ ಬಣ್ಣಕ್ಕೆ ಕೊಡಬೇಕು. ಫ್ರೇಮಿನ ಮೇಲಿನ ದಂಡದ ಎರಡೂ ಕಡೆ ಪಾದಗಳನ್ನು ನೆಲಕ್ಕೂರಿ ನಿಂತಾಗ ದಂಡಕ್ಕೂ ಮೈಗೂ ನಡುವೆ ಎರಡು ಅಂಗುಲವಾದರೂ ಅಂತರವಿರಬೇಕು. ಇಲ್ಲವಾದರೆ ಥಟ್ಟನೆ ಇಳಿಯಬೇಕಾದಾಗ ಪೆಟ್ಟು ತಪ್ಪದು. ಕೊಳ್ಳುವ ಶಕ್ತಿಯಿಲ್ಲದವರು ನಿರಾಶರಾಗಬೇಕಿಲ್ಲ. ಮಿತ್ರರದನ್ನು ಎರವಲು ಪಡೆದು ಅಥವಾ ಬಾಡಿಗೆಗೆ ತಂದು ಒಂದೆರಡು ತಿಂಗಳು ಸವಾರಿ ಮಾಡಿ, ಆಸೆ ನಿಲ್ಲುವುದೋ ಇಲ್ಲವೋ ನೋಡಿಕೊಂಡು ಕೊಳ್ಳುವುದೇ ಜಾಣತನ. ಮನೆಯ ಹಳೆಯ ಕರಿ ಸೈಕಲ್ಲಿನಲ್ಲಿ ಬಂಡಿದಾರಿ, ಕೆರೆಯ ಏರಿಗಳ ಮೇಲೆ ಧಾರಾಳವಾಗಿ ಅಭ್ಯಾಸ ಮಾಡಬಹುದು. ಆದರೆ ಕಡಿದಾದ ಇಳಿಜಾರಿಗೆ ಅದನ್ನು ಒಯ್ಯಬೇಡಿ. ಉಕ್ಕಿನ ರಿಮ್ಮು ನೀರಿನಲ್ಲಿ ನೆನೆದರೆ ಅದರ ಬ್ರೇಕು ಹಿಡಿಯುವುದೇ ಇಲ್ಲ.

ಹೊರಡುವ ಮುನ್ನ ಐದು ನಿಮಿಷ ಸೈಕಲ್ಲನ್ನು ಪರೀಕ್ಷಿಸಬೇಕು. ಬ್ರೇಕುಗಳೆರಡೂ ಹಿಡಿಯುತ್ತವೆಯೆ? ಚಕ್ರಗಳು ಬಿಗಿಯಾಗಿವೆಯೆ? ಹ್ಯಾಂಡಲ್ ಅಲುಗಾಡುತ್ತದೆಯೆ? ಚೈನಿಗೆ ಎಣ್ಣೆಯಿದೆಯೆ? ಟಯರಿನ ಗಾಳಿಯ ಮಾತು ಮುಖ್ಯವಾದುದು. ಡಾಂಬರು ರಸ್ತೆಯಲ್ಲಿ ಬಿಗಿಯಾದ ಟಯರು ಹಗುರವಾಗಿ ಓಡುತ್ತದೆ ನಿಜ. ಜಲ್ಲಿಯ ಮೇಲೆ ಅದೇ ಟಯರು ಚೆಂಡಿನಂತೆ ಪುಟಿಯುತ್ತದೆ. ಎರಡು ಅಂಗುಲಕ್ಕಿಂತ ಅಗಲವಾದ ಟಯರಿಗೆ ಸವಾರನ ತೂಕವನ್ನು ನೋಡಿಕೊಂಡು ಚದರ ಅಂಗುಲಕ್ಕೆ 25ರಿಂದ 35 ಪೌಂಡಿನಷ್ಟು ಗಾಳಿ ಸಾಕು. ಆಗ ಅದು ಸ್ವಲ್ಪ ತಗ್ಗಿ ನೆಲವನ್ನು ಅಪ್ಪಿ ಹಿಡಿಯುತ್ತದೆ. ತೀರ ಕಡಿಮೆಯಾದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಈಗ ಸವಾರಿಯ ಮೊದಲ ಪಾಠ: ಗುಡ್ಡದಲ್ಲಿ ಸೀಟು ವಿಶ್ರಾಂತಿಗೆ, ಕಾಲು ಕೆಲಸಕ್ಕೆ. ಸಮನೆಲದಲ್ಲಿಯೂ ಏರಿನಲ್ಲಿಯೂ ಕುಳಿತುಕೊಳ್ಳಬಹುದು. ಇಳಿಜಾರು ಬಂದೊಡನೆ ಸೀಟನ್ನು ಬಿಟ್ಟು ಪೆಡಲುಗಳ ಮೇಲೆ ನಿಲ್ಲಬೇಕು. ಎರಡು ಪೆಡಲುಗಳೂ ನೆಲಕ್ಕೆ ಸಮನಾಗಿರಲಿ. ಒಂದು ಕೆಳಗಿದ್ದರೆ ಕಲ್ಲಿಗೆ ತಾಗುತ್ತದೆ. ಮೊಣಕಾಲು, ಮೊಣಕೈಗಳು ಬಾಗಿರಲಿ. ಸೊಂಟ ಸ್ವಲ್ಪ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ. ಹೀಗೆ ನಿಂತಾಗ ಸೈಕಲ್ಲು ಕೆಳಗೆ ಎಷ್ಟೇ ಕುಣಿದರೂ ಸವಾರನ ಮೈ ಕುಣಿಯುವುದಿಲ್ಲ. ಅವನ ಕೈಕಾಲುಗಳೇ ಸ್ಪ್ರಿಂಗುಗಳಾಗುತ್ತವೆ. ಕಡಿದಾದ ಇಳಿಜಾರಿಗೆ ಮುಂಚೆ ಸೀಟನ್ನು ಎರಡು ಮೂರು ಅಂಗುಲ ತಗ್ಗಿಸಿಕೊಂಡರೆ ಇನ್ನೂ ಅನುಕೂಲ.

ಎರಡನೆಯ ಪಾಠ ಕಣ್ಣಿನದು. ಸೈಕಲ್ಲು ಸವಾರನ ದೃಷ್ಟಿ ಹೋದಲ್ಲಿಗೆ ಹೋಗುತ್ತದೆ. ಕಲ್ಲಿಗೆ ಹೆದರಿ ಕಲ್ಲನ್ನೇ ನೋಡುವವನು ಕಲ್ಲಿಗೇ ಹೋಗಿ ಬೀಳುತ್ತಾನೆ. ಚಕ್ರದ ಮುಂದಿನ ನೆಲವನ್ನು ನೋಡದೆ ಹತ್ತು ಹದಿನೈದು ಅಡಿ ಮುಂದೆ, ವೇಗ ಹೆಚ್ಚಿದಂತೆ ಇನ್ನೂ ಮುಂದೆ ನೋಡಬೇಕು. ನೋಡಬೇಕಾದುದು ಕಲ್ಲನ್ನಲ್ಲ, ಕಲ್ಲುಗಳ ನಡುವಿನ ದಾರಿಯನ್ನು.

ಮೂರನೆಯದು ಬ್ರೇಕು. ಓಡುವ ಬಸ್ಸು ಥಟ್ಟನೆ ನಿಂತರೆ ನಿಂತಿದ್ದ ಪ್ರಯಾಣಿಕರೆಲ್ಲ ಮುಂದಕ್ಕೆ ಮುಗ್ಗರಿಸುವುದನ್ನು ಕಂಡಿದ್ದೀರಷ್ಟೆ? ಸೈಕಲ್ಲಿನಲ್ಲಿಯೂ ಹಾಗೆಯೇ. ಬ್ರೇಕು ಹಿಡಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಭಾರ ಹೆಚ್ಚಾದ ಚಕ್ರವೇ ನೆಲವನ್ನು ಗಟ್ಟಿಯಾಗಿ ಹಿಡಿಯುವುದರಿಂದ ಸೈಕಲ್ಲನ್ನು ನಿಲ್ಲಿಸುವ ಶಕ್ತಿಯ ಬಹುಭಾಗ ಮುಂದಿನ ಬ್ರೇಕಿನಲ್ಲಿಯೇ ಇದೆ. ಆದುದರಿಂದ "ಮುಂದಿನ ಬ್ರೇಕನ್ನು ಮುಟ್ಟಲೇಬೇಡ" ಎನ್ನುವವರ ಮಾತು ಅರ್ಧ ಸತ್ಯ. ಮುಟ್ಟಬೇಕು, ಆದರೆ ಥಟ್ಟನೆ ಹಿಚುಕಬಾರದು. ಸೊಂಟವನ್ನು ಹಿಂದಕ್ಕೊಯ್ದು, ಒಂದೆರಡು ಬೆರಳಿನಿಂದ, ಎರಡೂ ಬ್ರೇಕುಗಳನ್ನು ಮೆಲ್ಲನೆ ಒತ್ತುತ್ತ ಬರಬೇಕು. ಸಡಿಲ ಜಲ್ಲಿಯ ಮೇಲೆ, ತಿರುವಿನಲ್ಲಿ ಮುಂದಿನ ಚಕ್ರವನ್ನು ಪೂರ್ತಿ ಕಟ್ಟಿದರೆ ಅದು ಜಾರಿಯೇ ತೀರುತ್ತದೆ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನಲ್ಲಿ ಹೊರಗಡೆಯ ಕಾಲನ್ನು ಕೆಳಕ್ಕೊತ್ತಿ, ತಿರುವು ಮುಗಿಯುವ ಕಡೆಗೆ ನೋಡುತ್ತ ಸಾಗಬೇಕು. ಯಾವ ಕೈಯ ಹಿಡಿ ಯಾವ ಚಕ್ರದ್ದು ಎಂಬುದು ಎಲ್ಲ ಸೈಕಲ್ಲುಗಳಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಎರವಲು ಸೈಕಲ್ಲಾದರೆ ಹತ್ತುವ ಮೊದಲು ಅದನ್ನು ನೋಡಿಕೊಳ್ಳುವುದು ಅವಶ್ಯ.

ಏರುವುದಕ್ಕೆ ಬಲಕ್ಕಿಂತ ಯುಕ್ತಿ ಬೇಕು. ಏರು ಬಂದ ಮೇಲೆ ಗೇರು ಬದಲಿಸಿದರೆ ಚೈನು ಕಟಕಟ ಎಂದು ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಕಡಿದೂ ಹೋಗುತ್ತದೆ. ಏರಿಗೆ ಹತ್ತು ಮಾರು ಮುಂಚೆಯೇ ಹಗುರ ಗೇರಿಗೆ ಬಂದು ಒಂದೇ ಹದದಲ್ಲಿ ತುಳಿಯಬೇಕು. ಸಡಿಲ ನೆಲದಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ನಿಂತಲ್ಲೇ ತಿರುಗುತ್ತದೆ; ತೀರ ಹಿಂದೆ ಕುಳಿತರೆ ಮುಂದಿನ ಚಕ್ರ ಮೇಲೇಳುತ್ತದೆ. ಆದುದರಿಂದ ಸೀಟಿನ ತುದಿಗೆ ಸರಿದು, ಎದೆಯನ್ನು ಹ್ಯಾಂಡಲಿನ ಕಡೆ ಬಾಗಿಸಬೇಕು. ಆಗದಿದ್ದರೆ ಇಳಿದು ತಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಒಲಿಂಪಿಕ್ ಸವಾರರೂ ಇಳಿದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡುವುದುಂಟು.

ಅಭ್ಯಾಸಕ್ಕೆ ನಮ್ಮ ಕಾಲೇಜಿನ ಮೈದಾನವೇ ಸಾಕು. ಮೊದಲ ವಾರ ನೆಲದಲ್ಲಿ ಒಂದು ಗೆರೆ ಎಳೆದು, ಜಾರದೆ ಆ ಗೆರೆಯ ಮೇಲೆ ನಿಲ್ಲಿಸುವುದನ್ನು ಕಲಿಯಿರಿ. ಎರಡು ಕಲ್ಲುಗಳನ್ನಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ, ಕಾಲು ಊರದೆ, ಎಷ್ಟು ನಿಧಾನವಾಗಿ ಆಗುವುದೋ ಅಷ್ಟು ನಿಧಾನವಾಗಿ ಸುತ್ತಿರಿ. ಒಂದು ಕೋಲನ್ನು ಅಡ್ಡಲಾಗಿಟ್ಟು ಮುಂದಿನ ಚಕ್ರವನ್ನು ಹಗುರ ಮಾಡಿ ದಾಟಿಸಿರಿ. ಎರಡನೆಯ ವಾರ ಬಂಡಿದಾರಿ. ಆಮೇಲೆ ಸಣ್ಣ ದಿಬ್ಬ. ಆ ಬಳಿಕ ಗುಡ್ಡ. ಹೊಸ ಇಳಿಜಾರನ್ನು ಮೊದಲು ನಡೆದು ನೋಡದೆ ಇಳಿಯಬಾರದು. ಈ ಒಂದು ನಿಯಮವನ್ನು ಪಾಲಿಸಿದ್ದರೆ ನನ್ನ ಕೈ ಉಳಿಯುತ್ತಿತ್ತು.

ರಕ್ಷಣೆಯ ವಿಚಾರದಲ್ಲಿ ಜಿಪುಣತನ ಸಲ್ಲದು. ಸೈಕಲ್ಲಿಗೆಂದೇ ಮಾಡಿದ ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲೆ ಸಮನಾಗಿ ಕೂರಬೇಕು; ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದಿರಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬಾರದು. ಒಳಗಿನ ಮೆದುಪದರ ಒಮ್ಮೆ ಅಪ್ಪಚ್ಚಿಯಾದರೆ ಎರಡನೆಯ ಸಲ ಕಾಪಾಡದು. ತಲೆಗೆ ಪೆಟ್ಟು ಬಿದ್ದವರಿಗೆ ವಾಂತಿ, ಮಂಪರು, ಹೆಚ್ಚುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೈಚೀಲಗಳನ್ನು ತೊಟ್ಟರೆ ಅಂಗೈ ಉಳಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ನೆಗ್ಗಿಲು ಮುಳ್ಳು, ಜಾಲಿಮುಳ್ಳು ಇವು ಟ್ಯೂಬಿನ ಹುಟ್ಟುವೈರಿಗಳು. ಒಂದು ಹೆಚ್ಚಿನ ಟ್ಯೂಬು, ಪಂಪು, ಟಯರು ಬಿಚ್ಚುವ ಪಟ್ಟಿ, ತೇಪೆ, ಸೊಲ್ಯೂಷನ್ ಇಲ್ಲದೆ ಊರು ಬಿಡಬೇಡಿ. ಅವನ್ನು ಬಳಸುವುದನ್ನು ಪಂಕ್ಚರ್ ಅಂಗಡಿಯವರ ಬಳಿ ಕುಳಿತು ಕಲಿತುಕೊಳ್ಳಿ. ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ನೀರಿರಲಿ. ಒಬ್ಬರೇ ಹೋಗಬೇಡಿ, ಯಾವ ದಾರಿ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂದು ಮನೆಯಲ್ಲಿ ಹೇಳಿ ಹೋಗಿ.

ಕೊನೆಯದಾಗಿ ಗುಡ್ಡದ ಮರ್ಯಾದೆ. ಆ ಕಾಲುದಾರಿ ನಮಗಾಗಿ ಆದದ್ದಲ್ಲ. ಕುರಿ ಕಾಯುವವರು, ಸೌದೆ ತರುವ ತಾಯಂದಿರು, ದೇವಸ್ಥಾನಕ್ಕೆ ಹೋಗುವವರು ಅದನ್ನು ಮೊದಲಿನಿಂದ ತುಳಿದವರು. ಅವರು ಎದುರಾದರೆ ನಿಂತು ದಾರಿ ಬಿಡಬೇಕು, ದನಕುರಿಗಳನ್ನು ಬೆದರಿಸಬಾರದು. ಸವಾರರಲ್ಲಿಯೇ ಇಳಿಯುವವನು ಏರುವವನಿಗೆ ದಾರಿ ಬಿಡುವುದು ವಾಡಿಕೆ. ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿದರೆ ನೆಲದಲ್ಲಿ ಗೀರು ಬೀಳುತ್ತದೆ. ಮಳೆನೀರು ಆ ಗೀರನ್ನೇ ಹಿಡಿದು ಹರಿದು ಕೊರಕಲು ಮಾಡುತ್ತದೆ. ಮಳೆ ಬಂದ ಮಾರನೆಯ ದಿನ ಕೆಸರಿನ ದಾರಿಯನ್ನು ಬಿಟ್ಟುಬಿಡುವುದು ಒಳ್ಳೆಯದು. ಬೆಳೆಯಿರುವ ಹೊಲದಲ್ಲಿ ಇಳಿಯಬಾರದು. ವನ್ಯಜೀವಿಧಾಮಗಳೊಳಕ್ಕೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಬೇರೆ ಕಾಡುಗಳಿಗೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗತಕ್ಕದ್ದು.

ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಯ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ನಾಡಿಗೆ ಹೆಸರು ತಂದಿದ್ದಾರೆ. ಅವರಂತೆ ನಾವೆಲ್ಲ ಪದಕ ಗೆಲ್ಲಬೇಕೆಂದಿಲ್ಲ. ಆದರೆ ಹೆದರಿಕೆಯನ್ನು ಬಿಡದೆ, ಹೆದರಿಕೆಗೆ ಸೋಲದೆ ಒಂದು ಇಳಿಜಾರನ್ನು ಕ್ರಮವಾಗಿ ಇಳಿದವನಿಗೆ ಬೇರೆ ಕೆಲಸಗಳಲ್ಲಿಯೂ ಧೈರ್ಯ ಬರುತ್ತದೆಂಬುದು ನನ್ನ ಅನುಭವ.

ಮೂರು ತಿಂಗಳ ಅಭ್ಯಾಸವಾದ ಮೇಲೆ ಅವ್ವನನ್ನು ಮತ್ತೆ ಕೇಳಿದೆ. ಅವಳು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, ಜೊತೆಗೆ ಯಾರು ಬರುತ್ತಾರೆಂದು ವಿಚಾರಿಸಿ, "ಊಟದ ಹೊತ್ತಿಗೆ ಬಾ" ಎಂದಳು. ಅದೇ ಗುಡ್ಡ, ಅದೇ ಕುರಿದಾರಿ. ಮೊದಲು ನಡೆದು ನೋಡಿದೆವು. ಎರಡು ಕಡೆ ಇಳಿದು ತಳ್ಳಿದೆವು. ಉಳಿದದ್ದನ್ನು ಸವಾರಿ ಮಾಡಿಯೇ ಇಳಿದೆವು. ಊಟದ ಹೊತ್ತಿಗೆ ಮನೆಯಲ್ಲಿದ್ದೆ.